ಮಕ್ಕಳ ಮೇಲೆ ಬಿಗಿ ಎಷ್ಟಿರಬೇಕು?



ಸಸಿಮಡಿಗೆ ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ ಎಂಬುದನ್ನು ಸಿರಿಗೇರಿ ಸುತ್ತಿನ ಭತ್ತದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಕ್ಕಳನ್ನು ಬೆಳೆಸುವ ಮಾತು ಬಂದಾಗ ನಮ್ಮಲ್ಲಿ ಎರಡು ಪಂಗಡಗಳಾಗುತ್ತವೆ. "ಹೊಡೆಯದಿದ್ದರೆ ಮಕ್ಕಳು ಕೆಡುತ್ತಾರೆ" ಎನ್ನುವವರದು ಒಂದು. "ಕೂಸು ಅತ್ತರೆ ಕರುಳು ಕಿತ್ತು ಬರುತ್ತದೆ, ಕೇಳಿದ್ದು ಕೊಟ್ಟುಬಿಡಿ" ಎನ್ನುವವರದು ಇನ್ನೊಂದು. ಅನೇಕ ಮನೆಗಳಲ್ಲಿ ತಂದೆ ಮೊದಲನೆಯ ಪಂಗಡ, ಅಜ್ಜಿ ಎರಡನೆಯ ಪಂಗಡ. ನಡುವೆ ನಿಂತ ಮಗು ಇಬ್ಬರನ್ನೂ ಆಡಿಸುವ ಜಾಣತನವನ್ನು ಬೇಗನೆ ಕಲಿಯುತ್ತದೆ.

ಬಿಗಿ ಎಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳು ಸೇರಿಕೊಂಡಿರುವುದರಿಂದ ಈ ಗೊಂದಲ. ಕಟ್ಟಳೆ ಗಟ್ಟಿಯಾಗಿರುವುದು ಒಂದು, ಕೈ ಒರಟಾಗಿರುವುದು ಮತ್ತೊಂದು. ಮೊದಲನೆಯದು ಮಕ್ಕಳಿಗೆ ಅತ್ಯವಶ್ಯ. ಎರಡನೆಯದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡಯಾನಾ ಬೌಮ್ರಿಂಡ್ ಎಂಬ ಮನಶ್ಶಾಸ್ತ್ರಜ್ಞೆಯು 1960ರ ದಶಕದಲ್ಲಿ ಶಿಶುವಿಹಾರದ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಹತ್ತಿರದಿಂದ ಪರಿಶೀಲಿಸಿದರು. ಕಾರಣ ಹೇಳದೆ ಅಪ್ಪಣೆ ಮಾಡುವ ಮನೆಗಳ ಮಕ್ಕಳಲ್ಲಿ ಅಳುಕೂ ಅಸಮಾಧಾನವೂ ಹೆಚ್ಚಾಗಿ ಕಂಡವು. ಏನನ್ನೂ ತಡೆಯದ ಮನೆಗಳ ಮಕ್ಕಳಲ್ಲಿ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿ ಕಡಿಮೆಯಾಗಿತ್ತು. ಕಟ್ಟಳೆಯನ್ನು ಬಿಡದೆ, ಅದರ ಕಾರಣವನ್ನು ತಿಳಿಸಿ, ಮಗುವಿನ ಮಾತನ್ನೂ ಕೇಳುವ ಮನೆಗಳ ಮಕ್ಕಳೇ ಹೆಚ್ಚು ಧೈರ್ಯಸ್ಥರೂ ಸ್ವಾವಲಂಬಿಗಳೂ ಆಗಿದ್ದರು.

"ಅದು ಅಮೆರಿಕದ ಮಾತಾಯಿತು, ನಮ್ಮಲ್ಲಿ ಎಲ್ಲರೂ ಏಟು ತಿಂದೇ ದೊಡ್ಡವರಾಗಿದ್ದೇವೆ" ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಭಾರತ, ಚೀನ, ಥಾಯ್ಲೆಂಡ್, ಫಿಲಿಪ್ಪೀನ್ಸ್, ಕೀನ್ಯಾ, ಇಟಲಿ ಈ ಆರು ದೇಶಗಳ ತಾಯಿ ಮಕ್ಕಳನ್ನು ವಿಚಾರಿಸಿದ ಒಂದು ಅಧ್ಯಯನವು 2005ರಲ್ಲಿ ಪ್ರಕಟವಾಯಿತು. ಹೊಡೆಯುವುದು ವಾಡಿಕೆಯಾಗಿರುವ ಕಡೆ ಏಟಿಗೂ ಮಕ್ಕಳ ಜಗಳಗಂಟಿತನ, ಅಂಜಿಕೆಗಳಿಗೂ ಇರುವ ನಂಟು ಸ್ವಲ್ಪ ಸಡಿಲವೆಂದು ಕಂಡುಬಂತು. ಸಡಿಲವೇ ಹೊರತು ಇಲ್ಲವೆಂದಲ್ಲ. ವಾಡಿಕೆ ಇರುವ ಕಡೆಯಲ್ಲಿಯೂ ಹೆಚ್ಚು ಏಟು ತಿಂದ ಮಕ್ಕಳಲ್ಲಿ ಆ ದೋಷಗಳು ಹೆಚ್ಚಾಗಿಯೇ ಇದ್ದವು.

ಇದರ ಕಾರಣವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಈಗ ಟ್ರಾಕ್ಟರು ಬಂದು ಎತ್ತುಗಳು ಕಡಿಮೆಯಾಗಿವೆ. ಆದರೂ ಎಳೆಹೋರಿಗೆ ನೊಗ ಕಲಿಸಿದ ಹಿರಿಯರು ನಮ್ಮ ನಡುವೆ ಇದ್ದಾರೆ, ಅವರನ್ನು ಕೇಳಿ ನೋಡಿ. ಪಳಗಿದ ಎತ್ತಿನ ಜೊತೆ ಹೂಡಿ, ದಿನವೂ ಅದೇ ಹೊತ್ತಿಗೆ ಅದೇ ಮಾತಿನಿಂದ ನಡೆಸಿ ಕಲಿಸಿದ ಹೋರಿ ಸಾಲು ಬಿಡುವುದಿಲ್ಲ. ಬಾರುಕೋಲಿನಿಂದಲೇ ಕಲಿತದ್ದು ಬಾರುಕೋಲು ಕಂಡಾಗ ಮಾತ್ರ ಎಳೆಯುತ್ತದೆ. ಮಕ್ಕಳಲ್ಲಿ ಇನ್ನೊಂದು ತೊಡಕು ಇದೆ. ಎತ್ತು ಸುಳ್ಳು ಹೇಳಲಾರದು, ಮಗು ಹೇಳಬಲ್ಲದು. ಏಟಿಗೆ ಅಂಜಿದ ಹುಡುಗ ತಪ್ಪನ್ನು ಬಿಡುವುದಕ್ಕಿಂತ ಮೊದಲು ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತಾನೆ. ಶಾಲೆಗೆಂದು ಹೊರಟು ಕಾಲುವೆಯ ದಂಡೆಯಲ್ಲಿ ಕಾಲ ಕಳೆದದ್ದು, ಕೆಟ್ಟ ಸಹವಾಸ, ಮೈಯ ಮೇಲೆ ಯಾರೋ ಕೈ ಮಾಡಿದ್ದು, ಇವೆಲ್ಲ ತಂದೆತಾಯಿಗಳಿಗೆ ತಿಳಿಯುವ ಹೊತ್ತಿಗೆ ಕೈಮೀರಿರುತ್ತವೆ.

ನಮ್ಮ ನಾಡಿನದೇ ಒಂದು ನಿಜವಾದ ಪ್ರಸಂಗವಿದೆ. ಗದಗಿನಲ್ಲಿ ಗುರುರಾಜಾಚಾರ್ಯ ಜೋಶಿ ಎಂಬ ಶಾಲಾ ಮಾಸ್ತರರಿದ್ದರು. 1922ರಲ್ಲಿ ಹುಟ್ಟಿದ ಅವರ ಹಿರಿಯ ಮಗನಿಗೆ ಹಾಡಿನ ಹುಚ್ಚು. ಭಜನೆಯ ಮೆರವಣಿಗೆ ಕಂಡರೆ ಹಿಂದೆಯೇ ಹೋಗುವನು, ದಣಿದರೆ ಎಲ್ಲಿಯೋ ಮಲಗಿಬಿಡುವನು. ಮನೆಯವರು ಹುಡುಕಿ ಸೋತು ಪೊಲೀಸರಿಗೆ ತಿಳಿಸಬೇಕಾಗುತ್ತಿತ್ತು. ಕಡೆಗೆ ಮಾಸ್ತರರು ಒಂದು ಉಪಾಯ ಮಾಡಿ ಹುಡುಗನ ಅಂಗಿಗಳ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆದರು. ಮಲಗಿದ್ದನ್ನು ಕಂಡವರು ಓದಿಕೊಂಡು ಮನೆಗೆ ತಂದು ಬಿಡತೊಡಗಿದರು. 1933ರಲ್ಲಿ, ಹನ್ನೊಂದು ವರ್ಷದವನಾಗಿದ್ದಾಗ, ಹುಡುಗನು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದನು. ಗ್ವಾಲಿಯರ್ ಮುಂತಾದ ಊರುಗಳನ್ನು ಸುತ್ತಿದನು. ತಂದೆಯು ಪಂಜಾಬಿನ ಜಲಂಧರದಲ್ಲಿ ಅವನನ್ನು ಪತ್ತೆಮಾಡಿ ಕರೆತಂದರು. ಹಾಡಿನ ದಾರಿ ಅಲ್ಲಿಗೆ ಮುಚ್ಚಲಿಲ್ಲ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಅಲ್ಲಿ ಮುದ್ದು ಇರಲಿಲ್ಲ. ಗುರುವಿನ ಮನೆಯ ನೀರು ಹೊರುವುದೇ ಮೊದಲಾದ ಕೆಲಸಗಳನ್ನು ಮಾಡಿಕೊಂಡು, ಹೇಳಿದ ಹೊತ್ತಿಗೆ ಕುಳಿತು, ಹೇಳಿಕೊಟ್ಟಷ್ಟನ್ನು ತಿದ್ದಿಕೊಳ್ಳಬೇಕಾಗಿತ್ತು. ಆ ಹುಡುಗನೇ 2008ರಲ್ಲಿ ಭಾರತರತ್ನ ಪಡೆದ ಪಂಡಿತ ಭೀಮಸೇನ ಜೋಶಿಯವರು.

ಮನೆ ಬಿಟ್ಟು ಓಡಿದ ಹುಡುಗರೆಲ್ಲ ಭೀಮಸೇನರಾಗುವುದಿಲ್ಲ. ಹೆಚ್ಚಿನವರು ಹೋಟೆಲಿನ ಲೋಟ ತೊಳೆಯುವವರಾಗುತ್ತಾರೆ. ಆದುದರಿಂದ ಇಲ್ಲಿ ಗಮನಿಸಬೇಕಾದದ್ದು ಓಟವನ್ನಲ್ಲ. ಅಂಗಿಯ ಮೇಲೆ ಬರೆದ ಆ ಮೂರು ಮಾತುಗಳು ಮಗನನ್ನು ಕಟ್ಟಿಹಾಕಲಿಲ್ಲ, ಕೈಬಿಡಲೂ ಇಲ್ಲ. ಗುರುವಿನ ಮನೆಯ ಕಠಿಣ ಶಿಸ್ತನ್ನು ಹುಡುಗ ಹೊತ್ತದ್ದು ಅದು ತಾನು ಬಯಸಿದ ವಿದ್ಯೆಯ ಬೆಲೆ ಎಂದು ತಿಳಿದಿದ್ದರಿಂದ.

ಇನ್ನು ಅತಿ ಮುದ್ದಿನ ಮಾತು. ಇದು ಪ್ರೀತಿಯಂತೆ ಕಾಣುವುದರಿಂದ ಯಾರೂ ಆಕ್ಷೇಪಿಸುವುದಿಲ್ಲ. ಭತ್ತದ ಹಣ ಬಂದ ವರ್ಷ ಹದಿನೈದರ ಹುಡುಗನ ಕೈಗೆ ಮೋಟಾರು ಬೈಕು ಕೊಡುವ ಮನೆಗಳಿವೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧ ಮಾಡಿದರೆ ಪಾಲಕನಿಗೆ ಅಥವಾ ವಾಹನದ ಮಾಲಿಕನಿಗೆ 25,000 ರೂಪಾಯಿ ದಂಡ, 3 ವರ್ಷಗಳ ತನಕ ಸೆರೆವಾಸ. ದಂಡವನ್ನಾದರೂ ಕಟ್ಟಬಹುದು, ಮುರಿದ ಕಾಲಿಗೆ ಏನು ಮಾಡೋಣ?

ಕಟ್ಟಳೆಗಳು ನಾಲ್ಕೈದು ಇದ್ದರೆ ಸಾಕು, ಆದರೆ ಅವು ದಿನಕ್ಕೊಂದು ಬಗೆ ಆಗಬಾರದು. ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕೂಲಿಯಾಳು ಸಿಗದೆ ಮಕ್ಕಳನ್ನು ಹೊಲಕ್ಕೆ ಕರೆಯುವ ಆಸೆ ಎಲ್ಲರಿಗೂ ಆಗುತ್ತದೆ. "ಶಾಲೆ ತಪ್ಪಿಸಬೇಡ" ಎಂದು ಮಗನನ್ನು ಹೊಡೆದ ತಂದೆಯೇ ಮರುದಿನ ಮಗಳನ್ನು ಶಾಲೆ ಬಿಡಿಸಿದರೆ ಆ ಕಟ್ಟಳೆಗೆ ಬೆಲೆ ಎಲ್ಲಿ ಉಳಿಯಿತು? ತಪ್ಪಿಗೆ ದಂಡನೆ ಬೇಕೇ ಬೇಕೆಂದಾದರೆ ಅದು ತಪ್ಪಿಗೆ ತಕ್ಕದ್ದಾಗಿರಲಿ. ಚೆಲ್ಲಿದವನು ಬಳಿಯಲಿ, ಮುರಿದವನು ಸರಿಮಾಡಲಿ. ಕುಡಿದು ಬಂದ ರಾತ್ರಿ ಯಾವ ತಂದೆಯೂ ಮಗನಿಗೆ ಶಿಸ್ತು ಕಲಿಸಲು ಹೊರಡಬಾರದು.

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನವನ್ನು ಬೇರೆಯಾಗಿಯೇ ಹೇಳಬೇಕು. ಆ ದಿನ ಮಗುವಿಗೆ ತನ್ನ ಸೋಲಿಗಿಂತ ತಂದೆಯ ಮುಖದ ಭಯವೇ ದೊಡ್ಡದಾಗಿರುತ್ತದೆ. ಬೆಳೆಗೆ ಸಿಂಪಡಿಸುವ ವಿಷದ ಔಷಧ ಇಲ್ಲದ ರೈತನ ಮನೆ ಅಪರೂಪ. ಅದನ್ನು ಆ ದಿನವಷ್ಟೇ ಅಲ್ಲ, ವರ್ಷವೆಲ್ಲ ಬೀಗದೊಳಗೆ ಇಡತಕ್ಕದ್ದು. ನಪಾಸಾದ ಮಗುವನ್ನು ನೆಂಟರಿಷ್ಟರ ಮುಂದೆ ಜರೆಯಬೇಡಿ, ಪಕ್ಕದ ಮನೆಯ ಮಗುವಿನ ಅಂಕಗಳನ್ನು ಎಣಿಸಬೇಡಿ. ಆ ರಾತ್ರಿ ಒಂಟಿಯಾಗಿ ಬಿಡಬೇಡಿ, ಜೊತೆಗೆ ಕೂಡಿಸಿಕೊಂಡು ಉಣ್ಣಿರಿ. ಅದೇ ವರ್ಷ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಮಗು ಮಾತು ಬಿಟ್ಟು, ಊಟ ಬಿಟ್ಟು, "ನಾನು ಇದ್ದೇನು ಪ್ರಯೋಜನ" ಎಂದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನು ಮಾಡಿದರೆ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ಮಗು ಮನೆ ಬಿಟ್ಟು ಹೋದರೆ "ಹಸಿದರೆ ತಾನೇ ಬರುತ್ತಾನೆ" ಎಂದು ಕಾಯದೆ ಕೂಡಲೇ ಪೊಲೀಸರಿಗೂ 1098 ಮಕ್ಕಳ ಸಹಾಯವಾಣಿಗೂ ತಿಳಿಸಬೇಕು.

"ಕಣ್ಣೆರಡು ಬಿಟ್ಟು ಎಲ್ಲಿಯಾದರೂ ಹೊಡೆಯಿರಿ, ಮಾಸ್ತರೇ" ಎಂದು ಹೇಳಿ ಮಗನನ್ನು ಶಾಲೆಗೆ ಬಿಟ್ಟು ಬರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲದ್ದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನನೋಯಿಸುವುದನ್ನೂ ನಿಷೇಧಿಸಿದೆ. ತಂದೆಯೇ ಒಪ್ಪಿಗೆ ಕೊಟ್ಟರೂ ಶಿಕ್ಷಕರು ಹೊಡೆಯುವಂತಿಲ್ಲ. ಆದುದರಿಂದ ಮುಂದಿನ ಸಲ ಶಾಲೆಗೆ ಹೋದಾಗ ಆ ಮಾತಿನ ಬದಲು ಬೇರೆ ಎರಡು ಪ್ರಶ್ನೆಗಳನ್ನು ಕೇಳಿ: "ನನ್ನ ಮಗುವಿಗೆ ಯಾವ ಪಾಠ ಕಷ್ಟವಾಗುತ್ತಿದೆ? ಅದು ಯಾರೊಂದಿಗೆ ಕೂಡಿ ಆಡುತ್ತದೆ?" ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಕೂಡಿದ ದಿನ ತಾವೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಅಲ್ಲಿ ನಿಮ್ಮ ಮಗಳು ಎದ್ದು ನಿಂತು ಏನು ಕೇಳುತ್ತಾಳೆಂಬುದನ್ನು, ನಡುವೆ ಬಾಯಿ ಹಾಕದೆ, ಕೊನೆಯ ತನಕ ಕೇಳಿಸಿಕೊಳ್ಳಿ.