ಪಾಠ ಇಳಿಸಬೇಡಿ, ಆಸರೆ ಕೊಡಿ

ಮಗು ಓದಿನಲ್ಲಿ ಹಿಂದುಳಿದರೆ "ಇವನಿಗೆ ಸುಲಭದ ಪಾಠವೇ ಸಾಕು" ಎಂದು ನಾವು ಬೇಗನೆ ತೀರ್ಮಾನಿಸಿಬಿಡುತ್ತೇವೆ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಶಿಕ್ಷಕಿಯೊಬ್ಬರು ಇದನ್ನು ಒಪ್ಪಲಿಲ್ಲ.

ಎಲ್ಲ ಜನಾಂಗದ ಮಕ್ಕಳೂ ಒಟ್ಟಿಗೆ ಓದಬೇಕೆಂಬ ನ್ಯಾಯಾಲಯದ ಆದೇಶದಂತೆ, 1980ರಲ್ಲಿ ಬಡ ಬಡಾವಣೆಗಳ ಅಲ್ಪಸಂಖ್ಯಾತ ಮಕ್ಕಳು ಅಲ್ಲಿನ ಕ್ಲೇರ್‌ಮಾಂಟ್ ಪ್ರೌಢಶಾಲೆಗೆ ಬಂದರು. ಇಂಗ್ಲಿಷ್ ಶಿಕ್ಷಕಿ ಮೇರಿ ಕ್ಯಾಥರೀನ್ ಸ್ವಾನ್ಸನ್ ಅವರಲ್ಲಿ ಸುಮಾರು 30 ಮಂದಿಯನ್ನು ಕಠಿಣ ತರಗತಿಗಳಿಗೇ ಸೇರಿಸಿದರು. ಜೊತೆಗೆ ಅವರಿಗಾಗಿ ಪ್ರತ್ಯೇಕ ಪಿರಿಯಡ್ ಇಟ್ಟರು. ಅಲ್ಲಿ ಮಕ್ಕಳು ಟಿಪ್ಪಣಿ ಬರೆಯುವುದನ್ನು ಕಲಿತರು, ತಿಳಿಯದ್ದನ್ನು ಪ್ರಶ್ನೆಯಾಗಿ ಬರೆದು ತಂದರು. ನೆರವಾಗಲು ಬಂದ ಕಾಲೇಜು ವಿದ್ಯಾರ್ಥಿಗಳು ಉತ್ತರ ಹೇಳಿಕೊಡದೆ, ಮರುಪ್ರಶ್ನೆ ಕೇಳಿ ಮಕ್ಕಳಿಂದಲೇ ಉತ್ತರ ಹೊರಡಿಸಿದರು. 'ಆವಿಡ್' ಎಂಬ ಈ ಕ್ರಮ ಇಂದು ಸಾವಿರಾರು ಶಾಲೆಗಳಲ್ಲಿದೆ.

ಇದರಿಂದ ನಾವೇನು ಕಲಿಯಬಹುದು? ಮಗು ಲೆಕ್ಕ ಬಾರದೆ ಕುಳಿತಾಗ ಗದರಬೇಡಿ, ನೀವೇ ಬಿಡಿಸಿಯೂ ಕೊಡಬೇಡಿ. "ಎಲ್ಲಿಯವರೆಗೆ ತಿಳಿಯಿತು? ಎಲ್ಲಿ ತಡೆಯಿತು?" ಎಂದು ಕೇಳಿ. ತಡೆದ ಜಾಗವನ್ನು ಪುಸ್ತಕದಲ್ಲಿ ಪ್ರಶ್ನೆಯಾಗಿ ಬರೆಸಿ, ಮರುದಿನ ಟೀಚರನ್ನು ಕೇಳಲು ಹೇಳಿ. ಇದಕ್ಕೆ ನೀವು ಹೆಚ್ಚು ಓದಿರಬೇಕಾಗಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ತಾಳ್ಮೆ ಇದ್ದರೆ ಸಾಕು.