ಹಿರಿಯರ ಹಗಲು ಕೇಂದ್ರ: ಬೆಳುವಾಯಿಗೆ ಒಪ್ಪುವ ಎಂಟು ಸೂತ್ರಗಳು

ಮೂಡುಬಿದಿರೆ–ಕಾರ್ಕಳ ರಸ್ತೆಯಲ್ಲಿ ಬೆಳುವಾಯಿ ದಾಟುವಾಗ ಪೇಟೆಯಷ್ಟೇ ಕಾಣುತ್ತದೆ. ಒಳದಾರಿ ಹಿಡಿದರೆ ದೊಡ್ಡ ದೊಡ್ಡ ಹಂಚಿನ ಮನೆಗಳು. ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುತ್ತಾರೆ, ಮನೆಯಲ್ಲಿ ಉಳಿದವರು ಅಜ್ಜ, ಅಜ್ಜಿ ಮತ್ತು ಟಿವಿ. ಹಗಲು ಹೊತ್ತು ಇವರು ಬಂದು ಕೂರುವುದಕ್ಕೆ ಒಂದು ಜಾಗ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಡ ಎಬ್ಬಿಸಿ ಫಲಕ ತೂಗಿದ ಮಾತ್ರಕ್ಕೆ ಯಾರೂ ಬರುವುದಿಲ್ಲ. ಪಂಚಾಯತಿನವರು, ಯುವಕ ಮಂಡಲದವರು, ಸ್ವಸಹಾಯ ಸಂಘದವರು ಕೆಲಸಕ್ಕೆ ಇಳಿಯುವ ಮೊದಲು ಇದನ್ನೊಮ್ಮೆ ಓದಿ.

1. ಬಸ್ ಸ್ಟಾಪ್ ನೋಡಿ ಜಾಗ ಹುಡುಕಿ. ಗುಡ್ಡದ ಮೇಲೆ ಸರಕಾರಿ ಜಾಗ ಬಿಟ್ಟಿ ಸಿಕ್ಕಿತೆಂದು ಹಿಗ್ಗಬೇಡಿ. ಮಂಡಿ ನೋವಿನವರು ಅಲ್ಲಿಗೆ ಒಮ್ಮೆ ಹತ್ತಿದರೆ ಮತ್ತೆ ಬರುವುದಿಲ್ಲ. ಹೊಸ ಕಟ್ಟಡವೇ ಆಗಬೇಕೆಂದಿಲ್ಲ. ರಸ್ತೆ ಬದಿಯ ಭಜನಾ ಮಂದಿರ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕೊಠಡಿ, ಯಾವುದಾದರೂ ಸಾಕು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸರಿ. ಆದರೆ ನಮ್ಮ ಕಡೆ ಖಾಸಗಿ ಬಸ್ಸುಗಳದೇ ಕಾರುಬಾರು. ಒಳಭಾಗದವರಿಗಾಗಿ ಎರಡು ರಿಕ್ಷಾದವರ ಹತ್ತಿರ ತಿಂಗಳ ಲೆಕ್ಕದಲ್ಲಿ ಮಾತಾಡಿಕೊಳ್ಳಿ. ಬಾಗಿಲು ತೆರೆಯುವ, ಮುಚ್ಚುವ ಹೊತ್ತನ್ನು ಬಸ್ಸಿನ ಟೈಮಿಗೆ ಹೊಂದಿಸಿ.

2. ಮೊದಲು ಶೌಚಾಲಯ, ಆಮೇಲೆ ಸಭಾಂಗಣ. ಹಿರಿಯರು ಹೊರಗೆ ಹೋಗಲು ಹಿಂಜರಿಯುವುದು ಬಹಳ ಸಲ ಇದೊಂದೇ ಕಾರಣಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಒಂದಾದರೂ ಕಮೋಡ್ ಇರಲಿ, ಪಕ್ಕದ ಗೋಡೆಗೆ ಹಿಡಿದು ಏಳಲು ಗಟ್ಟಿ ಕಂಬಿ ಇರಲಿ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಕ್ಕೆ ತಳ್ಳಿ ತೆರೆಯುವುದು ಹೇಗೆ? ನೆಲಕ್ಕೆ ಮಿರಮಿರ ಮಿಂಚುವ ಟೈಲ್ಸ್ ಬೇಡವೇ ಬೇಡ. ದಾನಿಗಳು ಅದನ್ನೇ ಕೊಡುತ್ತೇವೆಂದರೆ ಕೈಮುಗಿದು ಗೋಡೆಗೆ ಹಾಕಿಸಿ.

3. ಮಳೆಗಾಲವನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಹಾವಸೆ ಕಟ್ಟುತ್ತದೆ. ಕೊಡೆ ಒಂದು ಕೈಯಲ್ಲಿ, ಸೀರೆಯ ನೆರಿಗೆ ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವ ಅಜ್ಜಿಗೆ ಹಿಡಿದುಕೊಳ್ಳಲು ಮೂರನೆಯ ಕೈಯಿಲ್ಲ. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ ಮಾಡಿ, ಮೇಲೆ ಶೀಟು ಹೊದಿಸಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರಿಗೇ ಏದುಸಿರು.

4. ಬೀಡಿ ಬ್ರಾಂಚಿನ ದಿನ ಬಿಡಿ. ಇಲ್ಲಿ ಅರುವತ್ತು ದಾಟಿದ ಮೇಲೂ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಹೆಂಗಸರಿದ್ದಾರೆ. ಬ್ರಾಂಚಿಗೆ ಬೀಡಿ ಕೊಡುವ ಹೊತ್ತಿಗೇ ಪ್ರವಚನ ಇಟ್ಟರೆ ಮುಂದಿನ ಕುರ್ಚಿಗಳು ಖಾಲಿ. ಅಡಿಕೆ ಸುಲಿಯುವ ಕಾಲದಲ್ಲೂ ಹಾಗೆಯೇ.

5. ವಾರಕ್ಕೊಂದು ದಿನ ಕಾಗದಪತ್ರದ ಮೇಜು ಹಾಕಿ. ಎಲ್ಲ ಸೂತ್ರಗಳಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಯೋಗಾಸನಕ್ಕೆ ಹತ್ತು ಜನ ಬಂದರೆ ಪಿಂಚಣಿಯ ಕೆಲಸಕ್ಕೆ ನಲವತ್ತು ಜನ ಬರುತ್ತಾರೆ. ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಯಾಕೆ ನಿಂತಿತು, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಡಲು ಕಂಪ್ಯೂಟರ್ ಬಲ್ಲ ಒಬ್ಬ ಕಾಲೇಜು ಹುಡುಗಿ ಸಾಕು. ಬೀಡಿ ಕಟ್ಟಿದವರ ಪಿಎಫ್ ಪಿಂಚಣಿಗೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆ ಸವೆದವರು ಸೆರಗಿನಲ್ಲಿ ಒರೆಸಿ ಒರೆಸಿ ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಅಂಥವರಿಗೆಂದೇ ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ದಾರಿಯಿದೆ. ಅದನ್ನು ಮಾಡಿಕೊಡುವವರು ಬೇಕಷ್ಟೆ.

ಅದೇ ಮೇಜಿನ ಮೇಲೆ ಎರಡು ನಂಬರ್ ದೊಡ್ಡಕ್ಷರದಲ್ಲಿ ಬರೆದಿಡಿ: ಹಿರಿಯರ ಸಹಾಯವಾಣಿ 14567, ಫೋನಿನಲ್ಲಿ ದುಡ್ಡು ಹೊಡೆದರೆ 1930. ಜಾಗ ಬರೆಸಿಕೊಂಡ ಮೇಲೆ ಮಕ್ಕಳು ಕೈಬಿಟ್ಟ ಸಂಗತಿಯೂ ಮೆಲ್ಲಗೆ ಹೊರಬರುತ್ತದೆ. ಹಿರಿಯ ನಾಗರಿಕರ ಪಾಲನೆ-ಪೋಷಣೆಯ 2007ರ ಕಾಯ್ದೆಯ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಹಿಂದೆ ಪಡೆಯಲು ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮೂಡುಬಿದಿರೆ, ಬಂಟ್ವಾಳದವರು ಮಂಗಳೂರಿಗೆ, ಬೆಳ್ತಂಗಡಿಯವರು ಪುತ್ತೂರಿಗೆ ಹೋಗಬೇಕು. ಇಂಥ ಮಾತಿಗೆ ಬಾಗಿಲು ಹಾಕಿಕೊಳ್ಳುವ ಒಂದು ಸಣ್ಣ ಕೋಣೆ ಬೇಕೇ ಬೇಕು.

6. ಅತಿಥಿಗಳಂತೆ ಕೂರಿಸಬೇಡಿ. ಶಾಲು ಹೊದಿಸಿ, ಹಾರ ಹಾಕಿ, ಎರಡು ಗಂಟೆ ಭಾಷಣ ಕೇಳಿಸುವುದು ಸೇವೆಯಲ್ಲ, ಶಿಕ್ಷೆ. ಅವರಿಗೆ ಕೆಲಸ ಕೊಡಿ. ಲೆಕ್ಕ ಬರೆಯುವುದನ್ನು ನಿವೃತ್ತ ಮೇಷ್ಟ್ರಿಗೆ ಬಿಡಿ, ಬಸಳೆ ಚಪ್ಪರವನ್ನು ಕೃಷಿ ಮಾಡಿದವರಿಗೆ ಬಿಡಿ. ಆಟಿ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ತಾಳಮದ್ದಳೆ ಇಟ್ಟುಕೊಳ್ಳಿ. ಅರ್ಥ ಹೇಳುವವರು ಊರಲ್ಲೇ ಸಿಗುತ್ತಾರೆ. ಚೆನ್ನೆಮಣೆಯ ಮುಂದೆ ಒಂದು ಅಜ್ಜಿ, ಒಂದು ಹೈಸ್ಕೂಲು ಹುಡುಗ ಎದುರುಬದುರು ಕೂರಲಿ. ಪಾಡ್ದನ ಬಲ್ಲವರಿದ್ದರೆ ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಸುತ್ತಾಟಕ್ಕೆ ದೂರ ಹೋಗಬೇಕಿಲ್ಲ, ಬೆಳುವಾಯಿಯಲ್ಲೇ ಚಿಟ್ಟೆ ಪಾರ್ಕ್ ಇದೆ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಲಿ, ಸಭೆಯ ಮಾತು ತುಳುವಿನಲ್ಲೇ ಆಗಲಿ.

7. ಕುಚ್ಚಲಕ್ಕಿ ಗಂಜಿ, ಚಟ್ನಿ, ಒಂದು ಪಲ್ಯ ಸಾಕು. ಹುಟ್ಟುಹಬ್ಬದ ನೆಪದಲ್ಲಿ ದಿನಾ ಸಿಹಿ ಹಂಚುವವರನ್ನು ತಡೆಯಿರಿ, ಶುಗರ್ ಇಲ್ಲದವರು ಕಡಿಮೆ. ಗಂಜಿಯ ಬೆಲೆಯೆಂದು ಪ್ರತಿಯೊಬ್ಬರಿಂದ ಐದೋ ಹತ್ತೋ ರೂಪಾಯಿ ತೆಗೆದುಕೊಳ್ಳಿ. ಧರ್ಮದ ಊಟಕ್ಕೆ ಬರಲು ನಾಚುವವರೂ ಆಗ ಬರುತ್ತಾರೆ. ಕೈಯಲ್ಲಿ ಅದೂ ಇಲ್ಲದವರ ಲೆಕ್ಕವನ್ನು ಕಾರ್ಯದರ್ಶಿ ಒಬ್ಬರೇ ತಿಳಿದಿರಲಿ.

8. ವಾರಕ್ಕೆ ಎರಡು ದಿನದಿಂದ ಶುರು ಮಾಡಿ. ಗಡಿಯಾಚೆ ಕೇರಳದಲ್ಲಿ ಪಂಚಾಯತುಗಳೇ ‘ಪಗಲ್ ವೀಡು’ ಎಂಬ ಹಗಲು ಮನೆಗಳನ್ನು ನಡೆಸುತ್ತವೆ. ನಮ್ಮ ಪಂಚಾಯತಿನವರು ಕಾಸರಗೋಡಿನ ಕಡೆ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರಲಿ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಅವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದಲ್ಲ! ಗುಡಿಸುವವರ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ದಾನಿಗಳು ಸಿಗುವುದಿಲ್ಲ. ಆದ್ದರಿಂದ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಬಿದ್ದ ಮೇಲೆಯೇ ಬಾಗಿಲು ತೆರೆಯಿರಿ. ಮಂತ್ರಿಗಳ ದಿನಾಂಕಕ್ಕಾಗಿ ಕಾಯಬೇಡಿ, ಊರಿನ ಅತಿ ಹಿರಿಯ ಅಜ್ಜಿಯ ಕೈಯಲ್ಲಿ ದೀಪ ಹಚ್ಚಿಸಿ. ಶೌಚಾಲಯದ ಕಂಬಿಯನ್ನು ಮಾತ್ರ ಅದಕ್ಕಿಂತ ಮೊದಲೇ ಹಾಕಿಸಿರಿ.