ಎರಡೂ ಒಟ್ಟಿಗೇ ಕೊಡಿ ಅನ್ನುವ ಮೊದಲು

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಆಪರೇಷನ್ ಆಗದು ಎಂದ ಕೂಡಲೇ "ಕೀಮೋ, ರೇಡಿಯೇಷನ್ ಎರಡೂ ಒಟ್ಟಿಗೇ ಶುರುಮಾಡಿ ಡಾಕ್ಟ್ರೇ" ಎಂದು ದುಂಬಾಲು ಬೀಳಬೇಡಿ. ಎರಡು ಸೇರಿದರೆ ಆಯುಷ್ಯ ಇಮ್ಮಡಿ ಎಂಬುದು ಬರೀ ಆಸೆ. 2016ರಲ್ಲಿ ಪ್ರಕಟವಾದ ಎಲ್‌ಎಪಿ07 ಅಧ್ಯಯನದಲ್ಲಿ ಮೊದಲು ನಾಲ್ಕು ತಿಂಗಳು ಕೀಮೋ ಕೊಟ್ಟು, ಗಡ್ಡೆ ಹತೋಟಿಯಲ್ಲಿದ್ದವರಲ್ಲಿ ಕೆಲವರಿಗೆ ರೇಡಿಯೇಷನ್ ಸೇರಿಸಿದರು. ಗಡ್ಡೆ ಇದ್ದಲ್ಲೇ ಬೆಳೆಯುವುದು ತಗ್ಗಿತು. ಬದುಕಿನ ಅವಧಿ ಹೆಚ್ಚಲಿಲ್ಲ. ಹಾಗಂತ ಡಾಕ್ಟರೇ ಸೂಚಿಸಿದಾಗ ಬೇಡ ಅನ್ನಲೂ ಬೇಡಿ, ಯಾತಕ್ಕೆ ಎಂದು ಕೇಳಿ. ರೇಡಿಯೇಷನ್ ಜೊತೆಗೆ ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆ ಕೊಟ್ಟಿದ್ದರೆ ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿತೋ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ನೆಂಟರು ತಂದುಕೊಟ್ಟ ಕಷಾಯವನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ.